ನಮ್ಮ ನಾಟಕದಲ್ಲಿ ನಮ್ಮೂರೆಲ್ಲಿ?



ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಬಳಗದವರು ಆಡಿದ ಕೈಲಾಸಂ ನಾಟಕ ತಮಗೆ ನೆನಪಿರಬಹುದು. ಮೈಕು ಮೂರು ಸಲ ಕೈಕೊಟ್ಟಿತು. ಪರದೆ ಒಂದು ಪಕ್ಕಕ್ಕೆ ಮಾತ್ರ ಸರಿಯಿತು. ಪ್ರಾಂಪ್ಟರ್ ಮಹಾಶಯರ ಧ್ವನಿ ಪಾತ್ರಧಾರಿಗಳ ಧ್ವನಿಗಿಂತ ಸ್ಪಷ್ಟವಾಗಿ ಕೇಳಿಸಿತು. ಆದರೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾವೂ ನಕ್ಕೆವು. ನಾಟಕ ಮುಗಿದು ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಿದ್ದಾಗ ನಮ್ಮ ಹಿಂದಿದ್ದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ತನ್ನ ಅಜ್ಜಿಯನ್ನು ಕೇಳಿದಳು: "ಅಜ್ಜೀ, ಇದೆಲ್ಲಾ ಎಲ್ಲಿ ಆಗಿದ್ದು?"

"ಬೆಂಗಳೂರಲ್ಲಿ ಕಣಮ್ಮಾ. ನಾನು ಹುಟ್ಟೋಕ್ಕೂ ಮುಂಚೆ."

"ಮತ್ತೆ ಇಲ್ಲಿ ಆಗಿದ್ದನ್ನ ಯಾವಾಗ ಆಡ್ತಾರೆ?"

ಅಷ್ಟರಲ್ಲಿ ಸಾಲು ಮುಂದಕ್ಕೆ ಹೋಯಿತು, ಅಜ್ಜಿಯ ತಟ್ಟೆಗೆ ಭಾತು ಬಿತ್ತು. ಉತ್ತರ ಬೀಳಲಿಲ್ಲ.

ಹುಡುಗಿಯ ಆ ಪ್ರಶ್ನೆಯೇ ನಮ್ಮನ್ನು ಜೂನ್ ಕೊನೆಯಲ್ಲಿ ಆಲ್ಬನಿಗೆ ಕರೆದೊಯ್ದದ್ದು. ನ್ಯೂಯಾರ್ಕಿನ ರಾಜಧಾನಿ ಆಲ್ಬನಿಯಲ್ಲ, ನಮ್ಮ ಟೆಕ್ಸಸ್ಸಿನ ಆಲ್ಬನಿ. ಡಲ್ಲಾಸಿನಿಂದ ಪಶ್ಚಿಮಕ್ಕೆ ಸುಮಾರು 150 ಮೈಲಿ. ವೆದರ್‌ಫರ್ಡ್, ಮಿನರಲ್ ವೆಲ್ಸ್, ಬ್ರೆಕನ್‌ರಿಜ್ ದಾಟಿದ ಮೇಲೆ ಸಿಗುತ್ತದೆ. ಡಲ್ಲಾಸಿನ ಎರಡು ಮನೆ, ಆಸ್ಟಿನ್ನಿನ ಒಂದು ಮನೆ, ಹಿಂದಿನ ರಾತ್ರಿಯೇ ಹ್ಯೂಸ್ಟನ್ನಿನಿಂದ ಬಂದು ನಮ್ಮ ಹಾಲಿನಲ್ಲಿ ಹಾಸಿಗೆ ಹಾಸಿದ್ದ ಇನ್ನೊಂದು ಮನೆ, ಹೀಗೆ ನಾಲ್ಕು ಮನೆಯವರು ಎರಡು ವ್ಯಾನಿನಲ್ಲಿ ಹೊರಟೆವು. ಪುಳಿಯೋಗರೆ, ಮೊಸರನ್ನ, ನಿಪ್ಪಟ್ಟು ಕಟ್ಟಿಕೊಂಡಿದ್ದೆವು. ಅಲ್ಲಿ ಕೋರ್ಟಿನ ಹುಲ್ಲುಹಾಸಿನ ಮೇಲೆ ಎಲ್ಲರೂ ಬಾರ್ಬೆಕ್ಯೂ ತಿನ್ನುತ್ತಿದ್ದರೆ ನಾವು ಕಾರಿನ ಡಿಕ್ಕಿ ತೆಗೆದು ಪುಳಿಯೋಗರೆ ಬಡಿಸಿಕೊಂಡೆವು. ಅವರ ಕಣ್ಣು ನಮ್ಮ ತಟ್ಟೆಯ ಮೇಲೆ, ನಮ್ಮ ಮಕ್ಕಳ ಕಣ್ಣು ಅವರ ತಟ್ಟೆಯ ಮೇಲೆ.

ಆಲ್ಬನಿಯ ಜನಸಂಖ್ಯೆ ಎರಡು ಸಾವಿರದ ಆಚೀಚೆ. ಆ ಊರಿನವರು 1938ರಿಂದ ತಮ್ಮ ಊರಿನ ಕಥೆಯನ್ನು ತಾವೇ ಬಯಲಿನಲ್ಲಿ ಆಡಿ ತೋರಿಸುತ್ತ ಬಂದಿದ್ದಾರೆ. ಆಟದ ಹೆಸರು 'ಫೋರ್ಟ್ ಗ್ರಿಫಿನ್ ಫ್ಯಾಂಡ್ಯಾಂಗಲ್'. ಜೂನ್ ತಿಂಗಳ ಕೊನೆಯ ಎರಡು ವಾರಾಂತ್ಯ, ಊರಾಚೆಯ ಪ್ರೇರಿ ಥಿಯೇಟರ್ ಎಂಬ ತೆರೆದ ಬಯಲಿನಲ್ಲಿ, ಹೊತ್ತು ಮುಳುಗುವಾಗ ಶುರು. ಪಾತ್ರಧಾರಿಗಳು, ಹಾಡುವವರು, ಕುದುರೆ ಹಿಡಿಯುವವರು ಎಲ್ಲ ಸೇರಿ ಇನ್ನೂರು ಮುನ್ನೂರು ಜನ. ಅಂದರೆ ಊರಿನ ಹತ್ತು ಜನರಲ್ಲಿ ಒಬ್ಬರಾದರೂ ರಂಗದ ಮೇಲಿರುತ್ತಾರೆ. ನಮ್ಮ ಸಂಘದಲ್ಲಿ ಈ ಲೆಕ್ಕ ಹಾಕಿದರೆ ಪ್ರೇಕ್ಷಕರಿಗೆ ಊಟ ಬಡಿಸಲು ಸ್ವಯಂಸೇವಕರೇ ಸಿಗಲಿಕ್ಕಿಲ್ಲ!

ಆ ಊರಿನ ಕಥೆ ಇಷ್ಟು. 1867ರಲ್ಲಿ ಅಮೆರಿಕದ ಸೈನ್ಯ ಅಲ್ಲಿ ಒಂದು ದಂಡಿನ ಠಾಣ್ಯ ಹಾಕಿತು, ಅದೇ ಫೋರ್ಟ್ ಗ್ರಿಫಿನ್. ಗುಡ್ಡದ ಮೇಲೆ ದಂಡು. ಗುಡ್ಡದ ಕೆಳಗೆ 'ದಿ ಫ್ಲಾಟ್' ಎಂಬ ಪೇಟೆ. ಕಾಡೆಮ್ಮೆಯ ಚರ್ಮದ ವ್ಯಾಪಾರಿಗಳು, ಜೂಜುಕೋರರು, ಉತ್ತರಕ್ಕೆ ದನ ಹೊಡೆದುಕೊಂಡು ಹೋಗುವ ಕೌಬಾಯಿಗಳು ಎಲ್ಲರೂ ಅಲ್ಲೇ ತಂಗುತ್ತಿದ್ದರು. ಎಮ್ಮೆ ಮುಗಿಯಿತು, 1881ರಲ್ಲಿ ದಂಡು ಎತ್ತಿತು, ಅದೇ ವರ್ಷ ರೈಲು ಫ್ಲಾಟಿಗೆ ಬರದೆ ಆಲ್ಬನಿಗೆ ಬಂತು. ಪೇಟೆ ಪಾಳು ಬಿತ್ತು, ಆಲ್ಬನಿ ಉಳಿಯಿತು. ಕಥೆಯಲ್ಲಿ ವಿಶೇಷವೇನೂ ಇಲ್ಲ. ಟೆಕ್ಸಸ್ಸಿನಲ್ಲಿ ಇಂಥ ಊರು ಎಷ್ಟೋ ಇವೆ. ಆದರೆ ಇಲ್ಲಿ ಕಥೆಯನ್ನು ಆರಿಸಿ ಕೂಡಿಸುವವನೊಬ್ಬ ಸಿಕ್ಕಿದ.

ಅವನ ಹೆಸರು ರಾಬರ್ಟ್ ನೇಲ್. ಆಲ್ಬನಿಯ ಹುಡುಗ, ಪ್ರಿನ್ಸ್‌ಟನ್ನಿನಲ್ಲಿ ಓದಿ ಊರಿಗೆ ಮರಳಿದವನು. ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳಿಗಾಗಿ ಊರ ಚರಿತ್ರೆಯ ಮೇಲೊಂದು ಬಯಲಾಟ ಬರೆದುಕೊಟ್ಟದ್ದೇ ಬೀಜ. ಆಗ ಅವನಿಗೆ ಅನುಕೂಲವಾದ ಒಂದು ಸಂಗತಿಯನ್ನು ನಾವು ಗಮನಿಸಬೇಕು: ದಂಡು ಎತ್ತಿ 57 ವರ್ಷವಷ್ಟೇ ಆಗಿತ್ತು. ಕಂಡವರು ಬದುಕಿದ್ದರು. ಅವರು ಹೇಳಿದ್ದನ್ನು ಅವನು ಕೇಳಿಸಿಕೊಂಡ. ಆ ಸೀಮೆಯ ರ‍್ಯಾಂಚಿನ ಹೆಂಗಸು ಸ್ಯಾಲಿ ರೆನಾಲ್ಡ್ಸ್ ಮ್ಯಾಥ್ಯೂಸ್ ತಮ್ಮ ಬಾಳಿನ ನೆನಪುಗಳನ್ನು 'ಇಂಟರ್‌ವೋವನ್' ಎಂಬ ಪುಸ್ತಕವಾಗಿ ಪ್ರಕಟಿಸಿದ್ದು 1936ರಲ್ಲಿ. ನಾಟಕಕ್ಕೆ ಎರಡು ವರ್ಷ ಮೊದಲು! ಪಾಟಿನ ಮೇಲೆ ಅಕ್ಷರ ಅಳಿಸಿಹೋಗುವ ಮುನ್ನ ಊರು ಅದನ್ನು ನಕಲು ಮಾಡಿಕೊಂಡಿತು. ನೇಲ್‌ಗೆ ಊರಿನ ಮೇಲೆ ಎಂಥ ಮೋಹವಿತ್ತೆಂದರೆ 1870ರ ದಶಕದ ಹಳೆಯ ಜೈಲನ್ನು ಕೆಡವುತ್ತಾರೆಂದಾಗ 1940ರಲ್ಲಿ ಕಟ್ಟಡಕ್ಕೆ 25 ಡಾಲರ್, ನೆಲಕ್ಕೆ 325 ಡಾಲರ್ ಕೊಟ್ಟು ಅದನ್ನು ಕೊಂಡುಕೊಂಡು ಅಲ್ಲೇ ಕುಳಿತು ಬರೆಯುತ್ತಿದ್ದ. ಈಗ ಅದು ಓಲ್ಡ್ ಜೈಲ್ ಆರ್ಟ್ ಸೆಂಟರ್ ಎಂಬ ಕಲಾ ಸಂಗ್ರಹಾಲಯ. ಹೋದವರು ತಪ್ಪದೆ ನೋಡಿ. ಜೈಲು ಸೇರಿ ಸಂತೋಷಪಡುವ ಅವಕಾಶ ಮತ್ತೆಲ್ಲೂ ಸಿಗದು.

ಇನ್ನು ಆಟದ ವಿಚಾರ. ವಿಮರ್ಶೆ ಎಂದ ಮೇಲೆ ಇದ್ದದ್ದು ಇದ್ದಹಾಗೆ ಹೇಳಬೇಕು. ನಾಟಕ ಎಂದು ನೋಡಿದರೆ ಫ್ಯಾಂಡ್ಯಾಂಗಲ್ ಅಷ್ಟೇನೂ ಬಿಗಿಯಿಲ್ಲ. ಹೇಳುವ ಮಾತು ಬಹಳ, ಆಡುವ ಮಾತು ಕಡಿಮೆ. ಹಾಡುಗಳಲ್ಲಿ ನಾಲ್ಕನ್ನು ಕೇಳಿದರೆ ಐದನೆಯದನ್ನು ನಾವೇ ಹಾಡಬಹುದು. ನಮ್ಮ ಕಣ್ಣಿಗೆ ಉತ್ತಮ ನಟರೆಂದು ಕಂಡದ್ದು ಕುದುರೆಗಳು, ಆಮೇಲೆ ಉದ್ದ ಕೊಂಬಿನ ದನಗಳು; ತಮ್ಮ ಪಾಡಿಗೆ ತಾವು ಬಂದು, ಯಾರ ಚಪ್ಪಾಳೆಯನ್ನೂ ಲೆಕ್ಕಿಸದೆ ಹೋದವು. ಹಬೆಯಿಂದ ಊದುವ ಕ್ಯಾಲಿಯೋಪ್ ಎಂಬ ವಾದ್ಯ ಒಂದಿದೆ. ಅದರ ಕೂಗು ಕೇಳಿ ನಮ್ಮ ಜೊತೆಗಿದ್ದ ಮೂರು ವರ್ಷದ ಮಗು ಅಮ್ಮನ ಸೆರಗಿನೊಳಗೆ ಸೇರಿದ್ದು ಆಟ ಮುಗಿಯುವವರೆಗೂ ಹೊರಗೆ ಬರಲಿಲ್ಲ.

ಆದರೂ ಎರಡೂವರೆ ಗಂಟೆ ನಾವು ಕದಲಲಿಲ್ಲ. ಏಕೆಂದು ಆಮೇಲೆ ಯೋಚಿಸಿದೆವು. ಪಕ್ಕದಲ್ಲಿ ಕುಳಿತಿದ್ದ ಒಬ್ಬ ಅಜ್ಜಿ ಪ್ರತಿ ದೃಶ್ಯಕ್ಕೂ ನಮಗೆ ಟಿಪ್ಪಣಿ ಕೊಡುತ್ತಿದ್ದರು. ಆ ಪಾತ್ರವನ್ನು ತಾವು ಎರಡನೇ ಕ್ಲಾಸಿನಲ್ಲಿದ್ದಾಗ ಮಾಡಿದ್ದು, ಆಮೇಲೆ ಮಗಳು ಮಾಡಿದ್ದು, ಈಗ ಮೊಮ್ಮಗ ಮಾಡುತ್ತಿರುವುದು, ಆ ಲಂಗ ಹೊಲಿದವರು ಯಾರು, ಅದನ್ನು ಎಷ್ಟು ಸಲ ಬಿಚ್ಚಿ ದೊಡ್ಡದು ಮಾಡಿದ್ದು, ಎಲ್ಲವನ್ನೂ. ಕಥೆ ರಂಗದ ಮೇಲೆ ಅರ್ಧ ನಡೆದರೆ ಆ ಅಜ್ಜಿಯ ಬಾಯಲ್ಲಿ ಇನ್ನರ್ಧ ನಡೆಯುತ್ತಿತ್ತು. ಅಮರಿಲ್ಲೋ ಹತ್ತಿರ ಪಾಲೋ ಡ್ಯೂರೋ ಕಣಿವೆಯಲ್ಲಿ 1966ರಿಂದ 'ಟೆಕ್ಸಸ್' ಎಂಬ ದೊಡ್ಡ ಆಟ ನಡೆಯುತ್ತಿದೆ. ನಮ್ಮಲ್ಲಿ ಬಹಳ ಜನ ನೋಡಿದ್ದೀರಿ. ಪಾಲ್ ಗ್ರೀನ್ ಎಂಬ ಹೆಸರಾಂತ ನಾಟಕಕಾರ ಬರೆದದ್ದು, ಆರಿಸಿ ತಂದ ನಟರು, ಬೆಳಕಿನ ವೈಭವ. ನೋಡಿ ಬೆರಗಾಗಿ ಮನೆಗೆ ಬಂದೆವು, ಅಷ್ಟೇ. ಅಲ್ಲಿ ನಮಗೆ ಲಂಗದ ಕಥೆ ಹೇಳುವವರು ಸಿಗಲಿಲ್ಲ.

ಇಷ್ಟು ಹೊಗಳಿದ ಮೇಲೆ ಒಂದು ಆಕ್ಷೇಪ. ಆಟದಲ್ಲಿ ಮೂಲನಿವಾಸಿಗಳು ಬರುತ್ತಾರೆ. ಆ ವೇಷ ಹಾಕುವವರು ಆಲ್ಬನಿಯ ಜನವೇ. ಏಕೆಂದರೆ ನಿಜವಾದವರು ಆ ಊರಿನಲ್ಲಿಲ್ಲ. ಕೊಮಾಂಚಿಗಳು 1875ರಲ್ಲಿ ಫೋರ್ಟ್ ಸಿಲ್‌ನಲ್ಲಿ ಶರಣಾಗಿ ಇಂದಿನ ಒಕ್ಲಹೋಮಾದಲ್ಲಿ ನೆಲೆಸಬೇಕಾಯಿತು. ಟೊಂಕಾವ ಎಂಬ ಜನರ ಪಾಡು ಇನ್ನೂ ಕಷ್ಟದ್ದು. ಅವರು ಸೈನ್ಯದ ಕಡೆಗೇ ಇದ್ದವರು, ಫೋರ್ಟ್ ಗ್ರಿಫಿನ್ನಿನ ಸಿಪಾಯಿಗಳಿಗೆ ದಾರಿ ತೋರಿಸಿ ಕೊಮಾಂಚಿಗಳ ವಿರುದ್ಧ ಹೋರಾಡಿದವರು. ದಂಡು ಎತ್ತಿದ ಮೇಲೆ 1884ರಲ್ಲಿ ಅವರನ್ನೂ ಅಲ್ಲಿಂದ ಎಬ್ಬಿಸಿ ಒಕ್ಲಹೋಮಾ ಕಡೆಗೆ ಸಾಗಿಸಿದರು. ಊರಿನ ಕಥೆಯನ್ನು ಊರಿನಲ್ಲಿ ಉಳಿದವರು ಹೇಳುತ್ತಾರೆ. ಬಿಟ್ಟುಹೋದವರ ಪಾತ್ರವನ್ನೂ ಉಳಿದವರೇ ಮಾಡುತ್ತಾರೆ, ತಮಗೆ ತೋಚಿದಂತೆ. ಹೊತ್ತು ಮುಳುಗಿದ ಮೇಲೆ ಆ ಬಯಲಿನಲ್ಲಿ ಗರಿ ಕಟ್ಟಿಕೊಂಡು ಮಕ್ಕಳು ಕುಣಿಯುತ್ತಿದ್ದಾಗ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಮನಸ್ಸು ಅಲ್ಲಿ ಕುಣಿಯಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ವಾದ ಶುರುವಾಯಿತು. "ನಮಗೆ ಅವರ ಹಾಗೆ ಇಲ್ಲಿ ಚರಿತ್ರೆ ಎಲ್ಲಿದೆ? ನಾವು ನಿನ್ನೆ ಬಂದವರು" ಎಂದರು ಒಬ್ಬರು. ಹಾಗೆಂದವರು ಬಂದು 31 ವರ್ಷವಾಗಿದೆ!

ಲೆಕ್ಕ ನೋಡೋಣ. ಏಷ್ಯಾದವರಿಗೆ ಈ ದೇಶದ ಬಾಗಿಲು ಸರಿಯಾಗಿ ತೆರೆದದ್ದು 1965ರ ಕಾನೂನಿನಿಂದ. ಫೋರ್ಟ್ ಗ್ರಿಫಿನ್ ಮುಚ್ಚಿದ್ದಕ್ಕೂ ಫ್ಯಾಂಡ್ಯಾಂಗಲ್ ಶುರುವಾದದ್ದಕ್ಕೂ ನಡುವೆ ಇದ್ದ 57 ವರ್ಷ ನಮಗೆ ಆಗಲೇ ದಾಟಿಹೋಗಿದೆ. ಕಥೆಗೂ ಕೊರತೆಯಿಲ್ಲ. ಹ್ಯೂಸ್ಟನ್ನಿನವರನ್ನು ಕೇಳಿ: ಪೇರ್‌ಲ್ಯಾಂಡಿನಲ್ಲಿ ಮೀನಾಕ್ಷಿ ದೇವಸ್ಥಾನ ಏಳುವ ಮೊದಲು ಹಬ್ಬಗಳು ಯಾರ ಯಾರ ಲಿವಿಂಗ್ ರೂಮಿನಲ್ಲಿ ನಡೆಯುತ್ತಿದ್ದವು, 1986ರಲ್ಲಿ ಎಣ್ಣೆಯ ಬೆಲೆ ಕುಸಿದಾಗ ಎಷ್ಟು ಮನೆಯವರು ಬೀಗದ ಕೈಯನ್ನು ಬ್ಯಾಂಕಿಗೆ ಕೊಟ್ಟು ಹೊರಟರು, 2017ರ ಹಾರ್ವಿ ಮಳೆಯಲ್ಲಿ ಯಾರ ಮನೆಯ ಮಹಡಿಯ ಮೇಲೆ ಮೂರು ಸಂಸಾರ ಅಡುಗೆ ಮಾಡಿತು. ಅಕ್ಕದ ಮೊದಲ ವಿಶ್ವ ಕನ್ನಡ ಸಮ್ಮೇಳನ 2000ದಲ್ಲಿ ನಡೆದದ್ದು ಇದೇ ಹ್ಯೂಸ್ಟನ್ನಿನಲ್ಲಿ. ಆ ಮೂರು ದಿನದ ಅಡುಗೆಮನೆಯ ಕಥೆಯೊಂದೇ ಸಾಕು ಒಂದು ಅಂಕಕ್ಕೆ.

ಡಲ್ಲಾಸಿನವರಿಗೆ ಎತ್ತಿನ ಗಾಡಿಯಿದೆ. ನಗಬೇಡಿ. 1985ರಲ್ಲಿ ಡಲ್ಲಾಸಿನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆದಾಗ ಅಲ್ಲಿಂದ ಇಲ್ಲಿಗೆ ಚಿಪ್ಪಿನ ವಿನ್ಯಾಸ ಕಳಿಸಲು ಉಪಗ್ರಹ ಸಂಪರ್ಕ ಬೇಕಾಯಿತು. ಆ ಉಪಗ್ರಹದ ಸಲಕರಣೆಯನ್ನು ಬೆಂಗಳೂರಿನ ಬೀದಿಯಲ್ಲಿ ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ಹೋದರು. ಅದರ ಫೋಟೋ ಪ್ರಸಿದ್ಧವಾದದ್ದು. ಆಲ್ಬನಿಯವರು ತಮ್ಮ ಹಳೆಯ ಕುದುರೆ ಬಂಡಿಯನ್ನು ರಂಗದ ಮೇಲೆ ತಂದು ಚಪ್ಪಾಳೆ ಗಿಟ್ಟಿಸುತ್ತಾರೆ. ನಮ್ಮ ಗಾಡಿ ಅದಕ್ಕಿಂತ ಕಡಿಮೆಯದೇ? ಆ ಗಾಡಿ ಹೋದ ದಾರಿಯ ಹಿಂದೆಯೇ ಅಲ್ಲವೇ ರಿಚರ್ಡ್‌ಸನ್, ಪ್ಲೇನೋಗಳಿಗೆ ನಮ್ಮವರು ಇಷ್ಟು ಜನ ಬಂದದ್ದು?

ಆಸ್ಟಿನ್ನಿನವರ ಸಂಗತಿ ಹೇಳಿದರೆ ಅವರಿಗೆ ಸಂತೋಷ, ನಮಗೆ ನಾಚಿಕೆ. ಹಾಸನದಲ್ಲಿ ಹುಟ್ಟಿದ ರಾಜಾರಾಯರು ಅಲ್ಲಿನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ 1966ರಿಂದ ತತ್ವಶಾಸ್ತ್ರ ಪಾಠ ಹೇಳಿದರು, 2006ರಲ್ಲಿ ಆಸ್ಟಿನ್ನಿನಲ್ಲೇ ತೀರಿಕೊಂಡರು. ಅವರ 'ಕಾಂತಾಪುರ' ಕಾದಂಬರಿ ಬಂದದ್ದು 1938ರಲ್ಲಿ, ಫ್ಯಾಂಡ್ಯಾಂಗಲ್ ಹುಟ್ಟಿದ ವರ್ಷದಲ್ಲೇ. ಕನ್ನಡನಾಡಿನ ಒಂದು ಹಳ್ಳಿಗೆ ಗಾಂಧಿಯವರ ಚಳವಳಿ ಬಂದ ಕಥೆಯನ್ನು ಅಲ್ಲಿನ ಅಜ್ಜಿಯೊಬ್ಬಳು ಹೇಳುತ್ತಾಳೆ. ಮುನ್ನುಡಿಯಲ್ಲಿ ಅವರು ಪ್ರಸ್ತಾಪಿಸುವುದು ನಮ್ಮ ಪ್ರತಿ ಹಳ್ಳಿಗೂ ಇರುವ ಸ್ಥಳಪುರಾಣವನ್ನು. ಸ್ಥಳಪುರಾಣದ ಮಹತ್ವವನ್ನು ಜಗತ್ತಿಗೆ ಇಂಗ್ಲಿಷಿನಲ್ಲಿ ಹೇಳಿದ ಮನುಷ್ಯ ದಶಕಗಳ ಕಾಲ ನಮ್ಮ ನೆರೆಯಲ್ಲೇ ಇದ್ದರು. ನಾವು ಆ ಮೂವತ್ತು ನಲವತ್ತು ವರ್ಷ ಯಾವ ನಾಟಕ ಆಡುತ್ತಿದ್ದೆವು?

ಬಹುಪಾಲು ಕೈಲಾಸಂ, ಪರ್ವತವಾಣಿ, ಆಗೀಗ ಕಾರ್ನಾಡ್. ಎಲ್ಲವೂ ಒಳ್ಳೆಯ ನಾಟಕಗಳೇ. ಅವು ಬೇಡವೆನ್ನಲು ನಮಗೇನು ಹುಚ್ಚೆ? 'ಬಹದ್ದೂರ್ ಗಂಡ'ನಿಗೆ ನಾವೂ ಒಂದು ವರ್ಷ ಮೀಸೆ ಅಂಟಿಸಿದವರೇ. ಆದರೆ ಕೈಲಾಸಂ ಮಾಡಿದ್ದೇನೆಂದು ಸ್ವಲ್ಪ ನೆನೆಯಿರಿ. ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿ ಬಂದವರು. ಕಂಪನಿ ನಾಟಕಗಳು ಅರಮನೆ, ದೇವಲೋಕ, ಜರಿಯ ಪರದೆ ಎಂದು ಮೆರೆಯುತ್ತಿದ್ದ ಕಾಲದಲ್ಲಿ ಅವರು ಬೆಂಗಳೂರಿನ ಲಾಯರ ಮನೆಯ ನಡುಮನೆಯನ್ನು ರಂಗಕ್ಕೆ ತಂದರು. ಆ ಮನೆಯವರು ಅರ್ಧ ಇಂಗ್ಲಿಷು ಅರ್ಧ ಕನ್ನಡ ಹೇಗೆ ಆಡುತ್ತಿದ್ದರೋ ಹಾಗೇ ಆಡಿಸಿದರು. ಪಕ್ಕದ ಬೀದಿಯವರು ಬಂದು ನೋಡಿ ತಮ್ಮನ್ನೇ ಕಂಡು ನಕ್ಕರು. ನಾವೀಗ ನೂರು ವರ್ಷದ ಹಿಂದಿನ ಆ ಬೀದಿಯ ಕನ್ನಡವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತೇವೆ. ಕೈಲಾಸಂ ಅವರ ಮಾತನ್ನು ಅನುಸರಿಸುತ್ತೇವೆ, ಕೆಲಸವನ್ನಲ್ಲ. ಅವರು ಇಂದು ಫ್ರಿಸ್ಕೋದಲ್ಲಿದ್ದಿದ್ದರೆ "ಅಮ್ಮಾ, ಐ ಡೋಂಟ್ ವಾಂಟ್ ಚಪಾತಿ ಅಗೇನ್" ಎನ್ನುವ ಹುಡುಗನನ್ನೂ, "ಚಪಾತಿ ಬೇಡಾಂದ್ರೆ ಮುದ್ದೆ ಮಾಡ್ತೀನಿ ನೋಡು" ಎನ್ನುವ ತಾಯಿಯನ್ನೂ ಬಿಡುತ್ತಿದ್ದರೇ?

"ನಮ್ಮ ಕಥೆ ಆಡಿದರೆ ಜಗಳವಾಗುತ್ತದೆ, ಯಾರ ಮನೆ ಮಾತು ಯಾರಿಗೆ ಗೊತ್ತಿಲ್ಲ?" ಎಂದು ವ್ಯಾನಿನ ಹಿಂದಿನ ಸೀಟಿನಿಂದ ಆಕ್ಷೇಪ ಬಂತು. ನಿಜವೇ. ಆದರೆ ಬೈಲಹೊಂಗಲದವರಿಗೆ ಆ ಭಯ ಇರಲಿಲ್ಲವೆ? ಆ ಊರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಯಿತೆಂದು ಜನ ಹೇಳುವ ಒಂದು ಕೊಲೆಯ ಕಥೆಯೇ 'ಸಂಗ್ಯಾ ಬಾಳ್ಯಾ' ಸಣ್ಣಾಟ. ಕಟ್ಟಿದವರು ಪತ್ತಾರ ಮಾಸ್ತರರು ಎಂಬುದು ರೂಢಿಯ ಮಾತು. ಚಂದ್ರಶೇಖರ ಕಂಬಾರರು ಸಂಪಾದಿಸಿ ಪ್ರಕಟಿಸಿದರು. ಸ್ನೇಹಿತನೇ ಸ್ನೇಹಿತನನ್ನು ಹಿಡಿದುಕೊಡುವ ಕಥೆ, ಪರಸ್ತ್ರೀಯ ಮೋಹದ ಕಥೆ. ಊರಿಗೆ ಮರ್ಯಾದೆ ತರುವ ವಸ್ತು ಒಂದೂ ಇಲ್ಲ ಅದರಲ್ಲಿ. ಆದರೂ ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಬೆಳಗಿನ ತನಕ ಕುಳಿತು ನೋಡಿದರು. ತಮ್ಮ ಕಡೆಯ ಮಾತಿನಲ್ಲಿ, ತಮ್ಮ ಕಡೆಯ ಧಾಟಿಯಲ್ಲಿ, ತಮ್ಮವರೇ ಆಡಿದ್ದರಿಂದ.

ಇನ್ನೊಂದು ನಿದರ್ಶನ ನಮ್ಮನ್ನು ಹೆಚ್ಚು ಕಾಡುವಂಥದು. 1980ರ ದಶಕದಲ್ಲಿ ನೀನಾಸಮ್ ಕಡೆಯ ಚಿದಂಬರರಾವ್ ಜಂಬೆಯವರು ಉತ್ತರ ಕನ್ನಡದ ಮಂಚಿಕೇರಿಯಲ್ಲಿ ಸಿದ್ದಿ ಜನರಿಂದ ನಾಟಕ ಮಾಡಿಸಿದರು. ಸಿದ್ದಿಗಳ ಪೂರ್ವಜರನ್ನು ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ಹಡಗಿನಲ್ಲಿ ತಂದದ್ದು. ತಾವು ಯಾವ ಊರಿನವರು, ಯಾವ ಮಾತಿನವರು ಎಂಬುದೆಲ್ಲ ಅಳಿಸಿಹೋಗಿತ್ತು. ಅವರು ಆಡಿದ್ದು ನೈಜೀರಿಯದ ಚಿನುವಾ ಅಚಿಬೆಯ ಕಾದಂಬರಿಯಿಂದ ಮಾಡಿದ ನಾಟಕ. ತಮ್ಮ ಕಥೆ ಕಳೆದುಹೋಗಿದ್ದರಿಂದ ಇನ್ನೊಬ್ಬ ಕಾದಂಬರಿಕಾರನ ಪುಸ್ತಕದಿಂದ ಅದನ್ನು ಎರವಲು ತರಬೇಕಾಯಿತು. ನಮಗೆ ಆ ಗತಿ ಬಂದಿಲ್ಲ. ನಮ್ಮನ್ನು ಯಾರೂ ಸರಪಳಿ ಹಾಕಿ ತರಲಿಲ್ಲ, ವಿಮಾನದಲ್ಲಿ ಕಿಟಕಿಯ ಸೀಟು ಕೇಳಿ ಬಂದವರು ನಾವು. ನಮ್ಮ ಕಥೆ ಬಲ್ಲವರು ಪಿಕ್ನಿಕ್ಕಿನಲ್ಲಿ ಪಕ್ಕದ ಟೇಬಲ್ಲಿನಲ್ಲೇ ಕುಳಿತಿರುತ್ತಾರೆ. ಹೋದ ವರ್ಷ ಅಂಥ ಇಬ್ಬರು ಕುಳಿತಿದ್ದರು, ಈ ವರ್ಷ ಇಬ್ಬರೂ ಇರಲಿಲ್ಲ.

ಈಗ ಈ ಬರಹದ ಮುಖ್ಯ ವಿಷಯಕ್ಕೆ ಬರುತ್ತೇವೆ. ಯುಗಾದಿಯ ಕಾರ್ಯಕ್ರಮದಲ್ಲಿ, ಫ್ಯಾಷನ್ ಷೋಗೂ ಅಂತಾಕ್ಷರಿಗೂ ನಡುವೆ ಸಿಕ್ಕಿದ ಜಾಗದಲ್ಲಿ, ಕಾಲೇಜಿಗೆ ಹೋಗುವ ನಮ್ಮ ಐದು ಮಕ್ಕಳು ಹನ್ನೆರಡು ನಿಮಿಷದ ಒಂದು ಪುಟ್ಟ ನಾಟಕ ಆಡಿದರು. ಅರ್ಧ ಜನ ಹೊರಗೆ ಕಾಫಿ ಕುಡಿಯುತ್ತಿದ್ದಿರಿ. ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಕಥೆ 2001ರದು. ರಿಚರ್ಡ್‌ಸನ್ನಿನ ಟೆಲಿಕಾಂ ಕಾರಿಡಾರಿನಲ್ಲಿ ಕಂಪನಿಗಳು ಸಾಲುಸಾಲಾಗಿ ಜನರನ್ನು ಮನೆಗೆ ಕಳಿಸಿದ ವರ್ಷ. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ದೇಶದಲ್ಲಿ ಉಳಿಯುವ ಆಧಾರವೇ ಹೋದಂತೆ. ನಾಟಕದಲ್ಲಿ ಒಂದು ಮನೆ, ಗಂಡ ಹೆಂಡತಿ, ಆರು ವರ್ಷದ ಮಗು. ಭಾನುವಾರ ವಿಮಾನ, ಶನಿವಾರ ಗರಾಜ್ ಸೇಲ್. ಹೆಂಡತಿ ಎಂ.ಎಸ್ಸಿ. ಮಾಡಿದವಳು, ಎಚ್-4ನಲ್ಲಿ ಕೆಲಸ ಮಾಡುವಂತಿಲ್ಲ. ಅಂಥವರಲ್ಲಿ ಕೆಲವರಿಗೆ ಕೆಲಸದ ಅನುಮತಿ ಸಿಕ್ಕಿದ್ದು 2015ರಲ್ಲಿ. ಅವಳು ಒಂದೊಂದೇ ಸಾಮಾನಿಗೆ ಬೆಲೆಯ ಚೀಟಿ ಅಂಟಿಸುತ್ತಾಳೆ. ಅಕ್ಕಪಕ್ಕದ ಕನ್ನಡದವರು ಬಂದು ಚೌಕಾಸಿ ಮಾಡುತ್ತಾರೆ. ಸಂಕಟದ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಸೋಫಾಕ್ಕೆ ಹತ್ತು ಡಾಲರ್ ಕಡಿಮೆ ಮಾಡಿ, ಈ ಟಿ.ವಿ.ಗೆ ರಿಮೋಟ್ ಎಲ್ಲಿ, ಇಷ್ಟೇ. ಕೊನೆಗೆ ಉಳಿಯುವುದು ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ದೋಸೆ ಹಿಟ್ಟಿನ ಗ್ರೈಂಡರ್. ಅದಕ್ಕೆ ಅವಳು ಚೀಟಿ ಅಂಟಿಸುತ್ತಾಳೆ, ಕೀಳುತ್ತಾಳೆ, ಮತ್ತೆ ಅಂಟಿಸುತ್ತಾಳೆ. ಮುಗಿಯಿತು.

ದೋಷಗಳು ಬೇಕಾದಷ್ಟು. ಗಂಡನ ಪಾತ್ರದ ಹುಡುಗ ಎಲ್ಲ ಮಾತನ್ನೂ ಪರದೆಗೆ ಹೇಳಿದ. ಮಗುವಿನ ಪಾತ್ರ ಮಾಡಿದವನು ಆರಡಿ ಎತ್ತರ. ಕನ್ನಡದ ಉಚ್ಚಾರಣೆಯಲ್ಲಿ 'ಹಾಳು' ಹೋಗಿ 'ಹಾಲು' ಆಯಿತು. ಮನೆ ಹಾಲಾಯಿತು ಎಂದಾಗ ಮುಂದಿನ ಸಾಲಿನವರು ನಕ್ಕರು. ಬರೆದವರು ಒಂದು ಕಡೆ ಎಡವಿದ್ದಾರೆ: ಕೊನೆಯಲ್ಲಿ ಹುಡುಗಿಯೊಬ್ಬಳು ಮುಂದೆ ಬಂದು ಇದರ ಅರ್ಥ ಇಂಥದು ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಗ್ರೈಂಡರಿನ ಚೀಟಿ ಹೇಳಿದ್ದನ್ನೇ ಅವಳು ಮತ್ತೆ ಹೇಳಿ ಸ್ವಲ್ಪ ಕೆಡಿಸಿದಳು. ಆದರೆ ಆ ಚೀಟಿಯ ಹೊತ್ತಿನಲ್ಲಿ ಸಭಾಂಗಣದಲ್ಲಿ ಚಿಕ್ಕ ಮಕ್ಕಳ ಸದ್ದೂ ನಿಂತುಹೋಯಿತು. ನಮ್ಮ ಸಭೆಯಲ್ಲಿ ಹಾಗೆ ಸದ್ದು ನಿಂತದ್ದನ್ನು ರಾಷ್ಟ್ರಗೀತೆಯ ಹೊತ್ತಿನಲ್ಲೂ ನಾವು ಕಂಡಿಲ್ಲ.

ಆಮೇಲೆ ಬಂದ ಟೀಕೆ ತಮಗೂ ಕಿವಿಗೆ ಬಿದ್ದಿರಬೇಕು. ಹಬ್ಬದ ದಿನ ಜನರನ್ನು ಅಳಿಸುವುದೇ? ಹೊಸದಾಗಿ ಬಂದವರಿಗೆ ಹೆದರಿಕೆಯಾಗುವುದಿಲ್ಲವೇ? ಸಾಧನೆ ಮಾಡಿದವರ ಕಥೆ ಆಡಬಾರದಿತ್ತೇ? ಸಾಧನೆ ಮಾಡಿದವರಿಗೆ ನಾವು ಪ್ರತಿ ವರ್ಷ ಶಾಲು ಹೊದಿಸುತ್ತೇವೆ, ಹಾರ ಹಾಕುತ್ತೇವೆ, ಅವರ ಪರಿಚಯ ಭಾಷಣ ನಾಟಕಕ್ಕಿಂತ ಉದ್ದವಿರುತ್ತದೆ. ಅದು ನಿಲ್ಲುವ ಲಕ್ಷಣವಿಲ್ಲ. ಆದರೆ 1986ರಲ್ಲಿ ಹೋದವರಿಗೆ, 2001ರಲ್ಲಿ ಹೋದವರಿಗೆ ಶಾಲು ಹೊದಿಸುವುದು ಹೇಗೆ? ಅವರು ಇಲ್ಲಿಲ್ಲ. ಸಂಘದ ಹಳೆಯ ಫೋಟೋಗಳಲ್ಲಿ ಹಿಂದಿನ ಸಾಲಿನಲ್ಲಿ ನಿಂತಿದ್ದಾರೆ, ಹೆಸರು ಕೇಳಿದರೆ "ಅವರು ಯಾರೋ ಮೈಸೂರಿನವರು, ಆಮೇಲೆ ಹೊರಟುಹೋದರು" ಎನ್ನುತ್ತೇವೆ. ಮೊದಲ ಕನ್ನಡ ಶಾಲೆಗೆ ತಮ್ಮ ಗರಾಜನ್ನು ಬಿಟ್ಟುಕೊಟ್ಟವರು ಅವರಲ್ಲಿ ಇಲ್ಲವೆಂದು ಯಾರು ಬಲ್ಲರು? ಆಲ್ಬನಿಯ ಬಯಲಿನಲ್ಲಿ ಟೊಂಕಾವರ ನೆನಪಾಗಿ ನಮ್ಮ ಮನಸ್ಸು ಕುಣಿಯಲಿಲ್ಲವೆಂದು ಮೇಲೆ ಬರೆದೆವಲ್ಲ, ನಮ್ಮ ಊರಿನ ಕಥೆಯಲ್ಲಿ ಆ ತಪ್ಪು ಆಗಬಾರದಾದರೆ ಈ ಮಕ್ಕಳು ಹಿಡಿದ ದಾರಿಯೇ ಸರಿ ಎಂದು ನಮಗೆ ತೋರುತ್ತದೆ. ಆ ದಾರಿಯಲ್ಲಿ ಅವರು ಇನ್ನೂ ಅಂಬೆಗಾಲಿನಲ್ಲಿದ್ದಾರೆ, ಅದೂ ನಿಜ.

ಆದ್ದರಿಂದ ಒಂದು ವಿನಂತಿ. ಬರುವ ರಾಜ್ಯೋತ್ಸವಕ್ಕೆ ಈ ಮಕ್ಕಳಿಗೆ ಹನ್ನೆರಡು ನಿಮಿಷದ ಬದಲು ನಲವತ್ತು ನಿಮಿಷ ಕೊಡಬೇಕು, ಅಂತಾಕ್ಷರಿಯ ಪಕ್ಕದಲ್ಲಲ್ಲ. ಅವರು ಮೂರೂ ಊರುಗಳ ಹಿರಿಯರ ಮನೆಗೆ ಬಂದು ಮಾತು ರೆಕಾರ್ಡ್ ಮಾಡಿಕೊಳ್ಳಲು ತಯಾರಿದ್ದಾರೆ. ಕನ್ನಡದಲ್ಲೇ ಹೇಳಿ, ನಿಧಾನವಾಗಿ ಹೇಳಿ, 'ಅದೆಲ್ಲಾ ಯಾಕೆ ಬಿಡಿ' ಎಂದು ಮಧ್ಯದಲ್ಲಿ ನಿಲ್ಲಿಸಬೇಡಿ. ಹಳೆಯ ಫೋಟೋ ಇದ್ದರೆ ಹಿಂದೆ ಪೆನ್ಸಿಲಿನಲ್ಲಿ ಹೆಸರು ಬರೆದು ಕೊಡಿ. ಮುಂದಿನ ಜೂನಿನಲ್ಲಿ ಆಲ್ಬನಿಗೆ ಬರುವವರಿದ್ದರೆ ಮೊದಲೇ ತಿಳಿಸಿ, ಮೂರನೆಯ ವ್ಯಾನು ಮಾಡೋಣ. ಸಣ್ಣ ಮಕ್ಕಳಿದ್ದರೆ ಕಿವಿಗೆ ಹತ್ತಿ ತನ್ನಿ.

ಒಂದು ಸಂಗತಿ ಬರೆಯುವುದು ಉಳಿಯಿತು. ಯುಗಾದಿಯ ಆ ನಾಟಕದ ಮಧ್ಯದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ಎದ್ದು ಹೊರಗೆ ಹೋದದ್ದನ್ನು ಕೆಲವರು ನೋಡಿದಿರಿ. ಕೋಪ ಬಂದಿದೆ ಎಂದು ನಾವೂ ಅಂದುಕೊಂಡು ಸಮಾಧಾನ ಹೇಳಲು ಹಿಂದೆಯೇ ಹೋದೆವು. ಪಾರ್ಕಿಂಗ್ ಲಾಟಿನಲ್ಲಿ ಕಾರಿಗೆ ಒರಗಿ ನಿಂತಿದ್ದರು. ಆ ವರ್ಷ ಅವರ ಪಕ್ಕದ ಅಪಾರ್ಟ್‌ಮೆಂಟಿನವರು ಹೊರಡುವಾಗ ಗ್ರೈಂಡರನ್ನು ಇವರು ಹದಿನೈದು ಡಾಲರಿಗೆ ಕೊಂಡಿದ್ದರಂತೆ. ಇಪ್ಪತ್ತು ಹೇಳಿದ್ದನ್ನು ಹದಿನೈದಕ್ಕೆ ಇಳಿಸಿದ್ದರಂತೆ. ಈಗಲೂ ಅದು ಅವರ ಗರಾಜಿನಲ್ಲಿದೆ.

ಮುಂದಿನ ಸಲ ಮಕ್ಕಳು ಆಡುವಾಗ ಅದನ್ನೇ ರಂಗದ ಮೇಲೆ ಇಡಲು ಕೊಡುತ್ತೀರಾ ಎಂದು ಕೇಳಿದೆವು.

"ಕೊಡ್ತೀನಿ ಸ್ವಾಮಿ, ಆದ್ರೆ ಜೋಪಾನವಾಗಿ ವಾಪಸ್ ತಂದುಕೊಡಿ. ಅವರೇನಾದ್ರೂ ಬಂದು ಕೇಳಿದ್ರೆ?" ಎಂದರು.